ತುಕ್ಕಿನ ಬಣ್ಣ ಹಿಡಿಯುವುದು ಹೇಗೆ: ಧಕ್ಕೆ, ಗುಜರಿ, ಗದ್ದೆ, ಮುರಕಲ್ಲಿನ ನಡುವೆ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಎರಡನೇ ವಾರ. ಮಲ್ಪೆಯ ಧಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬೋಟು ಕಟ್ಟುವ ಕಟ್ಟೆಯಲ್ಲಿ, ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಬೆಳಿಗ್ಗೆ ಸುರಿದ ಮಳೆ ನಿಂತು ಅರ್ಧ ಗಂಟೆಯಾಗಿತ್ತು. ಒಂದು ಸ್ಟೀಲ್ ಬೋಟಿನ ಪಕ್ಕೆಯಲ್ಲಿ ನೀಲಿ ಬಣ್ಣ ಹಪ್ಪಳದ ಹಾಗೆ ಎದ್ದು ಬಂದಿದ್ದ ಕಡೆ ಒಂದು ಬೋಲ್ಟು ಕಂಡಿತು. ಅದರ ತಲೆ ಬಹುಪಾಲು ಕಪ್ಪು. ಸುತ್ತ ಕಾವಿಗೆಂಪಿನ ಉಂಗುರ. ಅಲ್ಲಿಂದ ಕೆಳಗಿಳಿದ ಗೀರು ಮೊದಲು ಇಟ್ಟಿಗೆ ಬಣ್ಣ, ಆಮೇಲೆ ಕಿತ್ತಳೆ, ಕೊನೆಗೆ ಅರಿಶಿನದ ನೀರಿನಷ್ಟು ತೆಳು. ಅಂಗೈಯಗಲದ ಜಾಗದಲ್ಲಿ ಐದು ಬಣ್ಣ. ಒಂದು ಫೋಟೋ ತೆಗೆದು ಪರದೆ ನೋಡಿದರೆ ಐದೂ ಸೇರಿ ಒಂದೇ ಕಿತ್ತಳೆಯಾಗಿತ್ತು.

ಆ ಐದನ್ನು ಐದಾಗಿಯೇ ಮನೆಗೆ ತರುವುದು ಹೇಗೆ ಎಂಬುದೇ ಈ ಬರಹ. ತುಕ್ಕಿನ ಫೋಟೋ ಕೆಡುವುದು ಬಣ್ಣ ಸಾಲದೆ ಅಲ್ಲ. ಹತ್ತಿರ ಹತ್ತಿರದ ಬಣ್ಣಗಳು ಒಂದರೊಳಗೊಂದು ಕಲಸಿಹೋಗಿ ಕೆಡುತ್ತದೆ. ಕ್ಯಾಮೆರಾ ಇರಲಿ, ಮೊಬೈಲೇ ಇರಲಿ, ಮುಂದೆ ಹೇಳುವ ಪ್ರತಿ ಹಂತವೂ ಆ ಕಲಸುವಿಕೆಯನ್ನು ತಡೆಯುವ ಕೆಲಸವೇ.

ಹಂತ 1: ಬಣ್ಣಗಳನ್ನು ಹೆಸರಿಟ್ಟು ಕರೆಯಿರಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಎರಡು ನಿಮಿಷ ಬರೀ ನೋಡಿ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ತಗುಲಿದಾಗ ಹುಟ್ಟುವುದು ಒಂದೇ ವಸ್ತುವಲ್ಲ, ಒಂದು ಕುಟುಂಬ. ಹೊಸ ತುಕ್ಕಿನ ಹೊಳಪು ಕಿತ್ತಳೆಗೆ ಲೆಪಿಡೊಕ್ರೊಸೈಟ್ ಕಾರಣ. ಹಳದಿ ಕಂದಿಗೆ ಗೋಥೈಟ್, ಗಾಢ ಕೆಂಪಿಗೆ ಹೆಮಟೈಟ್, ಒಳಪದರದ ಕಪ್ಪಿಗೆ ಮ್ಯಾಗ್ನೆಟೈಟ್. ಕರಾವಳಿಯಲ್ಲಿ ಉಪ್ಪು ಸೇರುವುದರಿಂದ ಇದೆಲ್ಲ ಬಹಳ ಬೇಗ ನಡೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿಯೇ ಮೇಲಿನ ಬಣ್ಣ ಉಬ್ಬಿ ಒಡೆದು ಪದರಪದರವಾಗಿ ಏಳುವುದು.

ಈ ರಸಾಯನಶಾಸ್ತ್ರದ ಹೆಸರುಗಳು ನೆನಪಿರಬೇಕಿಲ್ಲ. ನಮ್ಮ ಭಾಷೆಯಲ್ಲೇ ಬೇಕಾದಷ್ಟು ಹೆಸರುಗಳಿವೆ: ಕಾವಿ, ಜಾಜು, ಕೆಂಚು, ಕಂದು, ಕೆಮ್ಮಣ್ಣು, ಇಟ್ಟಿಗೆ, ಅರಿಶಿನ, ಕಿತ್ತಳೆ. ಎದುರಿಗಿರುವ ವಸ್ತುವಿನಲ್ಲಿ ಇವುಗಳಲ್ಲಿ ಯಾವ್ಯಾವು ಇವೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ನಾನು ಇಂದಿಗೂ ಹಾಗೆ ಮಾಡುತ್ತೇನೆ. ಹೆಸರು ಹೇಳಿದ ಬಣ್ಣ ಕಣ್ಣಿಗೆ ಬೇರೆಯಾಗಿ ನಿಲ್ಲುತ್ತದೆ, ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ಯಾವುದು ಕಳೆದುಹೋಗಿದೆ ಎಂಬುದೂ ತಿಳಿಯುತ್ತದೆ. ಹಿತ್ತಾಳೆ, ತಾಮ್ರದ ಮೇಲಿನ ಹಸಿರು ಕಿಲುಬು ತುಕ್ಕಲ್ಲ, ಆದರೆ ಕಬ್ಬಿಣದ ಪಕ್ಕದಲ್ಲಿ ಸಿಕ್ಕರೆ ಬಿಡಬೇಡಿ. ಆ ಜೋಡಿ ಬಹಳ ಚಂದ.

ಹಂತ 2: ಹುಡುಕುವ ಜಾಗ

ಮೊದಲು ಮನೆಯ ಹಿತ್ತಲು. ಬಾವಿಯ ರಾಟೆ, ಅಟ್ಟದ ಟ್ರಂಕು, ಕೊಟ್ಟಿಗೆಯ ಚಿಲಕ, ಮೂಲೆ ಸೇರಿದ ಮೆಟ್ಟುಕತ್ತಿ, ಗೇಟಿನ ಕೀಲು. ಇವುಗಳ ದೊಡ್ಡ ಅನುಕೂಲವೆಂದರೆ ಬೇಕಾದ ಬೆಳಕಿಗೆ ಕಾಯಬಹುದು, ನಾಳೆ ಮತ್ತೆ ತೆಗೆಯಬಹುದು.

ಎರಡನೆಯದು ಗುಜರಿ ಅಂಗಡಿ. ಕೇಳದೆ ಒಳಗೆ ಹೋಗಬೇಡಿ. ಕೇಳಿದರೆ ಬೇಡ ಎನ್ನುವವರು ಕಡಿಮೆ. ನಮ್ಮೂರ ಪೇಟೆಯ ಗುಜರಿಯವರು ಮೊದಲ ದಿನ ನನ್ನನ್ನು ನೋಡಿ, “ಇದ್ರದ್ದೆಲ್ಲ ಎಂತ ಫೋಟೋ ಮಾರಾಯ್ರೆ? ಮಳೆ ಬಂದ ಮೇಲೆ ಬನ್ನಿ, ಆಗ ಕಲರ್ ಬರ್ತದೆ” ಅಂದಿದ್ದರು. ಇಡೀ ದಿನ ತುಕ್ಕಿನ ನಡುವೆಯೇ ಇರುವ ಅವರ ಆ ಒಂದು ಮಾತು ನಾನು ನೋಡಿದ ಎಷ್ಟೋ ವಿಡಿಯೋ ಪಾಠಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಮೂರನೆಯದು ಮೀನುಗಾರಿಕಾ ಧಕ್ಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ವಿಂಚು, ಸರಪಳಿ, ಲಂಗರು, ಬಲೆಯ ಬಾಯಿ ಅಗಲಿಸುವ ಕಬ್ಬಿಣದ ಬೋರ್ಡುಗಳೆಲ್ಲ ಕಣ್ಣಿಗೆ ಸಿಗುತ್ತವೆ. ರಜೆ ಮುಗಿಯುವ ಮುನ್ನ ತುಕ್ಕು ಕೆರೆದು ಹೊಸ ಬಣ್ಣ ಬಳಿಯುತ್ತಾರೆ. ಹಾಗಾಗಿ ಹೋಗುವುದಿದ್ದರೆ ಜೂನ್‌ನಲ್ಲೇ ಹೋಗಿ. ಬೋಟಿನ ಮೇಲೆ ಹತ್ತುವ ಮುನ್ನ ಅದರವರನ್ನು ಕೇಳಿ. ದೊಡ್ಡ ವಾಣಿಜ್ಯ ಬಂದರುಗಳ ಒಳಗೆ ಅನುಮತಿಯಿಲ್ಲದೆ ಕ್ಯಾಮೆರಾ ತೆಗೆಯುವ ಹಾಗೇ ಇಲ್ಲ.

ರೈಲು ಹಳಿ ತುಕ್ಕಿನ ಫೋಟೋಗಳಿಗೆ ಹೆಸರುವಾಸಿ. ದಯವಿಟ್ಟು ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅತಿಕ್ರಮ ಪ್ರವೇಶ. ಅದಕ್ಕಿಂತ ಮುಖ್ಯವಾಗಿ, ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ವಿದ್ಯುತ್ ರೈಲು ಬರುವ ಸದ್ದು ತಡವಾಗಿ ಕೇಳುತ್ತದೆ.

ಎಲ್ಲಿಗೆ ಹೋದರೂ ದಪ್ಪ ಅಟ್ಟೆಯ ಬೂಟು ಇರಲಿ, ಕೈಗೆ ಗವಸು ಇರಲಿ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ; ತುಕ್ಕು ಹಿಡಿದ ಮೊಳೆ ಅದನ್ನು ಆಳಕ್ಕೆ ಚುಚ್ಚಿ ಸೇರಿಸುತ್ತದೆ. ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಮೊದಲು ಅದನ್ನು ಮುಗಿಸಿ.

ಹಂತ 3: ಬೆಳಕು, ಮತ್ತು ಅದಕ್ಕಿಂತ ಹೆಚ್ಚಾಗಿ ನೀರು

ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಣ ತುಕ್ಕು ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಅದರ ಮೈ ಪುಡಿಪುಡಿ. ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಆ ಬಿಳಿಚು ಬಣ್ಣದ ಮೇಲೆ ತೆರೆ ಎಳೆಯುತ್ತದೆ. ನೀರು ಬಿದ್ದಾಗ ಪುಡಿಯ ನಡುವಿನ ಸಂದುಗಳು ತುಂಬಿ ಚದುರುವಿಕೆ ತಗ್ಗುತ್ತದೆ. ಬಣ್ಣ ಆಳವಾಗುತ್ತದೆ. ಗುಜರಿಯವರು ಹೇಳಿದ್ದು ಇದನ್ನೇ.

ಆದರೆ ಪೂರ್ತಿ ಒದ್ದೆಯಾದ ತುಕ್ಕು ಇನ್ನೊಂದು ತೊಂದರೆ ಕೊಡುತ್ತದೆ: ಆಕಾಶದ ಬಿಳಿ ಅದರಲ್ಲಿ ಹೊಳೆಯುತ್ತದೆ. ನನಗೆ ಬೇಕಾಗುವುದು ಅರ್ಧ ಒಣಗಿದ ಹೊತ್ತು. ಮಳೆ ನಿಂತು ಇಪ್ಪತ್ತರಿಂದ ನಲವತ್ತು ನಿಮಿಷ. ಉಬ್ಬಿದ ಭಾಗಗಳು ಒಣಗಿ ತಿಳಿ ಕಿತ್ತಳೆಯಾಗಿರುತ್ತವೆ, ತಗ್ಗುಗಳು ಇನ್ನೂ ಒದ್ದೆಯಿದ್ದು ಕಾವಿಯಾಗಿರುತ್ತವೆ. ಅದೇ ತುಕ್ಕು, ಎರಡು ಬಣ್ಣ. ಮಳೆ ಇಲ್ಲದ ದಿನಗಳಲ್ಲಿ ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು. ಮೊದಲು ಒಣಗಿದ್ದಾಗ ಒಂದು, ಚಿಮುಕಿಸಿದ ಕೂಡಲೇ ಒಂದು, ಆಮೇಲೆ ಐದೈದು ನಿಮಿಷಕ್ಕೊಂದು ತೆಗೆದು ಹೋಲಿಸಿ. ಒಮ್ಮೆ ಮಾಡಿದರೆ ನಿಮ್ಮ ಊರಿನ ಸೆಖೆಗೆ ಎಷ್ಟು ನಿಮಿಷ ಎಂಬ ಲೆಕ್ಕ ಸಿಗುತ್ತದೆ. ಇದನ್ನು ನಿಮ್ಮ ಸ್ವಂತ ವಸ್ತುಗಳ ಮೇಲೆ ಮಾತ್ರ ಮಾಡಿ. ಬೇರೆಯವರ ಬೀಗದ ಮೇಲೆ, ದೇವಸ್ಥಾನದ ಬಾಗಿಲ ಮೇಲೆ ನೀರಾಗಲಿ ಎಣ್ಣೆಯಾಗಲಿ ಹಾಕುವುದು ತಪ್ಪು.

ಮೇಲ್ಮೈಯ ಒರಟು ಕಾಣಬೇಕಿದ್ದರೆ ಬೆಳಕು ಪಕ್ಕದಿಂದ, ಮೈ ಸವರಿಕೊಂಡು ಬರಬೇಕು. ಬೆಳಿಗ್ಗೆ ಎಂಟರೊಳಗೆ, ಸಂಜೆ ನಾಲ್ಕೂವರೆಯ ನಂತರ. ಬಣ್ಣವೇ ಮುಖ್ಯವಾಗಿದ್ದರೆ ಮೋಡದ ಬೆಳಕು ಲೇಸು. ಎರಡನ್ನೂ ಒಂದೇ ಫೋಟೋದಲ್ಲಿ ಬಯಸಿದರೆ ಸಾಮಾನ್ಯವಾಗಿ ಎರಡೂ ಅರ್ಧಂಬರ್ಧವಾಗುತ್ತವೆ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ.

ಮನೆಯೊಳಗಿನ ಸಣ್ಣ ವಸ್ತುವಿಗೆ ಕಿಟಕಿಯೇ ಸ್ಟುಡಿಯೋ. ಹಳೆಯ ಬೀಗವನ್ನು ಕಿಟಕಿಯಿಂದ ಎರಡಡಿ ದೂರ ಮರದ ಮಣೆಯ ಮೇಲಿಡಿ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿದರೆ ಬೆಳಕು ಮೆದುವಾಗುತ್ತದೆ. ಎದುರು ಬದಿಯಲ್ಲಿ ಏನೂ ಇಡಬೇಡಿ. ಆ ಕಡೆಯ ನೆರಳೇ ಬೀಗಕ್ಕೆ ತೂಕ ಕೊಡುವುದು. ಅಡುಗೆಮನೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ತುಕ್ಕಿನ ಬಣ್ಣವನ್ನು ಆಮೇಲೆ ಯಾರಿಂದಲೂ ಸರಿಪಡಿಸಲಾಗದು.

ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ಬಗ್ಗೆ ಎರಡು ಮಾತು. ಒದ್ದೆ ತುಕ್ಕಿನ ಮೇಲಿನ ಹೊಳಪು ಇಳಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ನುಂಗುತ್ತದೆ, ಹಾಗಾಗಿ ಟ್ರೈಪಾಡ್ ಬೇಕಾಗಬಹುದು. ವಸ್ತುವಿನ ನೇರ ಎದುರು ನಿಂತರೆ ಅದರ ಕೆಲಸ ಅಷ್ಟಾಗಿ ಕಾಣದು. ಸ್ವಲ್ಪ ಓರೆಯಾಗಿ ನಿಂತು ಫಿಲ್ಟರ್ ತಿರುಗಿಸಿ. ಬರೀ ಲೋಹದ ಹೊಳಪನ್ನು ಪೋಲರೈಸರ್ ಅಳಿಸಲಾರದು, ತುಕ್ಕಿನ ಮೇಲಿನ ಹೊಳಪನ್ನು ಅಳಿಸುತ್ತದೆ. ದಿನಾ ಕೈ ತಾಗಿ ಸವೆದ ಚಿಲಕವನ್ನು ಹೀಗೆ ತೆಗೆದರೆ ಬೆರಳು ತಾಗುವ ಜಾಗ ಮಾತ್ರ ಮಿಣ್ಣಗೆ ಉಳಿದು, ಸುತ್ತಲಿನ ತುಕ್ಕು ಆಳಕ್ಕಿಳಿಯುತ್ತದೆ. ಎಷ್ಟು ಕೈಗಳು ಆ ಚಿಲಕ ತೆಗೆದಿವೆ ಎಂಬುದು ಫೋಟೋದಲ್ಲಿ ಕಾಣುತ್ತದೆ.

ಹಂತ 4: ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾಕ್ಕೆ ಬಿಟ್ಟುಕೊಡಬೇಡಿ

ಬೆಳಕಿನ ಬಣ್ಣ ಏನೇ ಇರಲಿ, ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಿಕೆ ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ತುಕ್ಕಿದ್ದಾಗ ಆಟೋ ವೈಟ್ ಬ್ಯಾಲೆನ್ಸ್, ಬೆಳಕೇ ಕೆಂಪಾಗಿದೆ ಎಂದುಕೊಂಡು ಅದನ್ನು ಸರಿಮಾಡಲು ನೀಲಿ ಬೆರೆಸುತ್ತದೆ. ಕಾವಿ ಹೋಗಿ ಮಣ್ಣು ಮಣ್ಣು ಕಂದು ಉಳಿಯುತ್ತದೆ. ಇನ್ನೂ ಕಿರಿಕಿರಿ ಎಂದರೆ, ಒಂದೇ ವಸ್ತುವನ್ನು ಎರಡು ಹೆಜ್ಜೆ ಹಿಂದೆ ಸರಿದು ತೆಗೆದಾಗ ಬಣ್ಣವೇ ಬೇರೆ.

ವೈಟ್ ಬ್ಯಾಲೆನ್ಸಿನ ಅಳತೆ ಕೆಲ್ವಿನ್. ಬಿಸಿಲಿಗೆ 5500 ಕೆಲ್ವಿನ್ ಆಸುಪಾಸು, ಮೋಡಕ್ಕೆ 6500, ನೀಲಿ ಆಕಾಶದ ಕೆಳಗಿನ ತೆರೆದ ನೆರಳಿಗೆ 7000ದಿಂದ 7500. ಹೀಗೆ ಒಂದನ್ನು ಹಿಡಿದು ನಿಲ್ಲಿಸಿ. ಸಾಧ್ಯವಾದರೆ ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ, ಮತ್ತು ಪ್ರತಿ ಜಾಗದಲ್ಲೂ ಮೊದಲ ಫೋಟೋದಲ್ಲಿ ಬಣ್ಣ ಹೊಂದಿಸಲು ಬಳಸುವ ಒಂದು ಬೂದು ಕಾರ್ಡು ಹಿಡಿಯಿರಿ. ಮನೆಗೆ ಬಂದ ಮೇಲೆ ಕಣ್ಣಿನ ನೆನಪನ್ನು ನಂಬುವುದು ಕಷ್ಟ. ಬೂದು ಕಾರ್ಡು ನೆನಪು ತಪ್ಪುವುದಿಲ್ಲ.

ಹಂತ 5: ಕೆಂಪು ಚಾನೆಲ್ ಒಡೆಯದಂತೆ ಕಾಯುವುದು

ಶುರುವಿನಲ್ಲಿ ಹೇಳಿದ ಬೋಲ್ಟಿನ ಫೋಟೋ ಕೆಟ್ಟದ್ದು ಇಲ್ಲಿ. ಈ ಹಂತವನ್ನು ನಿಧಾನವಾಗಿ ಓದಿ.

ಡಿಜಿಟಲ್ ಫೋಟೋದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಿರುತ್ತವೆ. ಹೊಳಪು ಕಿತ್ತಳೆಯಲ್ಲಿ ಕೆಂಪು ಬಹಳ ಹೆಚ್ಚು, ಹಸಿರು ಮಧ್ಯಮ, ನೀಲಿ ಅತಿ ಕಡಿಮೆ. ಒಟ್ಟಾರೆ ಬೆಳಕು ಸರಿಯಾಗಿದೆ ಎಂದು ಕ್ಯಾಮೆರಾ ಹೇಳುತ್ತಿರುವಾಗಲೇ ಕೆಂಪು ಮಾತ್ರ ತನ್ನ ಮಿತಿ ಮುಟ್ಟಿ ನಿಂತಿರುತ್ತದೆ. ಮಿತಿ ಮುಟ್ಟಿದ ಮೇಲೆ ಅದರಲ್ಲಿ ಏರಿಳಿತವಿಲ್ಲ. ಇಟ್ಟಿಗೆಯೂ ಕಿತ್ತಳೆಯೂ ಒಂದೇ ಕೆಂಪಿಗೆ ಬಂದು ನಿಲ್ಲುತ್ತವೆ. ಪದರ, ಗೆರೆ, ಹುಡಿ ಎಲ್ಲ ಮಾಯವಾಗಿ ಬಣ್ಣ ಬಳಿದಂತೆ ಸಪಾಟಾಗುತ್ತದೆ.

ಫೋಟೋದಲ್ಲಿ ಕತ್ತಲೆಷ್ಟು (ಎಡಕ್ಕೆ), ಬೆಳಕೆಷ್ಟು (ಬಲಕ್ಕೆ) ಎಂದು ತೋರಿಸುವ ನಕ್ಷೆ ಹಿಸ್ಟೊಗ್ರಾಮ್. ಸಾಮಾನ್ಯ ಬಿಳಿ ಹಿಸ್ಟೊಗ್ರಾಮ್ ಇದನ್ನು ತೋರಿಸದು. ಕ್ಯಾಮೆರಾ ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ ಹಾಕಿಕೊಳ್ಳಿ. ಕೆಂಪು ಗುಡ್ಡೆ ಬಲಗೋಡೆಗೆ ಒರಗಿ ನಿಂತಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಒಟ್ಟು ಬೆಳಕು ಏರಿಸಿ ಇಳಿಸುವ ಆಯ್ಕೆ) ಮೂರನೇ ಒಂದು ಸ್ಟಾಪ್ ಇಳಿಸಿ, ಮತ್ತೆ ನೋಡಿ, ಬೇಕಿದ್ದರೆ ಇನ್ನೊಮ್ಮೆ ಇಳಿಸಿ. ಗಾಢ ಕಂದು ವಸ್ತು ತುಂಬಿದ ಚೌಕಟ್ಟನ್ನು ಕ್ಯಾಮೆರಾ ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಬೆಳಗಿಸಿರುತ್ತದೆ. ಹಾಗಾಗಿ ತುಕ್ಕಿನ ವಿಷಯದಲ್ಲಿ ನನ್ನ ಕೈ ತಾನಾಗಿ ಮೈನಸ್ ಕಡೆಗೇ ಹೋಗುತ್ತದೆ. ಬಣ್ಣದ ಪ್ರೊಫೈಲ್ ‘ವಿವಿಡ್’ ಆಗಿದ್ದರೆ ‘ನ್ಯೂಟ್ರಲ್’ಗೆ ಬದಲಿಸಿ, ಕ್ಯಾಮೆರಾ ತೋರಿಸುವ ಹಿಸ್ಟೊಗ್ರಾಮ್ ಈ ಪ್ರೊಫೈಲ್ ಅನ್ನೇ ಅವಲಂಬಿಸಿರುತ್ತದೆ.

ಆ ಬೋಲ್ಟನ್ನು ಅಂದೇ ಮತ್ತೆ ತೆಗೆದೆ. ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಎಫ್/8 (ಲೆನ್ಸಿನ ರಂಧ್ರದ ಅಳತೆ), ವೈಟ್ ಬ್ಯಾಲೆನ್ಸ್ 6500, ಮೈನಸ್ ಮೂರನೇ ಎರಡು ಸ್ಟಾಪ್. ಪರದೆಯ ಮೇಲೆ ಫೋಟೋ ಸ್ವಲ್ಪ ಮಂಕಾಗಿ ಕಂಡಿತು. ದೊಡ್ಡದು ಮಾಡಿ ನೋಡಿದರೆ ಬೋಲ್ಟಿನ ಕಪ್ಪು ತಲೆಯ ಅಂಚಿನಲ್ಲಿ ಉಗುರಿನಷ್ಟು ತೆಳು ಹಕ್ಕಳೆ ಎದ್ದಿತ್ತು, ಅದರ ಅಡಿಯಲ್ಲಿ ಕಿತ್ತಳೆ ಹುಡಿ, ಹುಡಿಯ ಮೇಲೆ ಒಂದು ಉಪ್ಪಿನ ಹರಳು. ಮೊದಲ ಫೋಟೋದಲ್ಲಿ ಅದ್ಯಾವುದೂ ಇರಲಿಲ್ಲ.

ಹಂತ 6: ಫೋಕಸ್

ಚಪ್ಪಟೆ ತಗಡಿಗೆ ಎಫ್/8, ಕ್ಯಾಮೆರಾ ಅದಕ್ಕೆ ಸಮಾನಾಂತರ. ಎರಡು ಎದುರು ಮೂಲೆಗಳನ್ನು ಹಿಗ್ಗಿಸಿ ನೋಡಿ. ಒಂದು ಮೂಲೆ ಮಸುಕಾಗಿದ್ದರೆ ನೀವು ಓರೆಯಾಗಿದ್ದೀರಿ. ಸರಪಳಿ, ರಾಟೆಯಂಥ ಉಬ್ಬುತಗ್ಗಿನ ವಸ್ತುಗಳಿಗೆ ಎಫ್/11. ಅದಕ್ಕಿಂತ ಸಣ್ಣ ರಂಧ್ರಕ್ಕೆ ಹೋದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವ ಡಿಫ್ರ್ಯಾಕ್ಷನ್‌ನಿಂದ ಒಟ್ಟು ಚೂಪು ತಗ್ಗುತ್ತದೆ. ಮ್ಯಾಕ್ರೊದಲ್ಲಿ, ಅಂದರೆ ತೀರ ಹತ್ತಿರದಿಂದ ತೆಗೆಯುವಾಗ, ಹತ್ತು ಹನ್ನೆರಡು ಫೋಟೋಗಳನ್ನು ಸ್ವಲ್ಪ ಸ್ವಲ್ಪವೇ ಫೋಕಸ್ ಸರಿಸುತ್ತ ತೆಗೆದು ಕೂಡಿಸಬಹುದು. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಇಷ್ಟೇ.

ಹಂತ 7: ತುಕ್ಕಿನ ಪಕ್ಕದಲ್ಲಿ ಏನಿದೆ?

ಬರೀ ತುಕ್ಕು ತುಂಬಿದ ಚೌಕಟ್ಟಿನಲ್ಲಿ ಕಣ್ಣಿಗೆ ಹೋಲಿಸಲು ಏನೂ ಇರುವುದಿಲ್ಲ, ಬೇಗ ದಣಿಯುತ್ತದೆ. ಒಂದಿಷ್ಟು ಬೇರೆ ಬಣ್ಣ ಇಟ್ಟುಕೊಳ್ಳಿ. ಕಿತ್ತಳೆಗೆ ಎದುರಿನ ಬಣ್ಣ ನೀಲಿ, ಮತ್ತು ಬೋಟುಗಳಿಗೆ ನೀಲಿ, ಹಸಿರುನೀಲಿ ಬಳಿಯುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಚೌಕಟ್ಟಿನ ಕಾಲುಭಾಗಕ್ಕಿಂತ ಕಡಿಮೆ ನೀಲಿ ಸಾಕು. ಹಸಿರು ನೈಲಾನ್ ಬಲೆ, ಬಿಳಿ ಸುಣ್ಣದ ಗೋಡೆ, ಪಾಚಿ ಯಾವುದಾದರೂ ಆದೀತು.

ತುಕ್ಕು ನೀರಿನ ಜೊತೆ ಇಳಿಯುತ್ತದೆ. ಬೋಲ್ಟಿನಿಂದ ಇಳಿದ ಗೀರು ಕೆಳಮುಖ. ಫೋಟೋವನ್ನು ಅಂದಕ್ಕಾಗಿ ಅಡ್ಡ ತಿರುಗಿಸಿದರೆ ಏನೋ ತಪ್ಪಾಗಿದೆ ಎಂದು ನೋಡುವವರಿಗೆ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಗೀರನ್ನು ನೆಟ್ಟಗೆ ಇರಿಸಿ, ಅದು ಮುಗಿಯುವ ತುದಿಯನ್ನು ಕತ್ತರಿಸಬೇಡಿ. ತೆಳುವಾಗುತ್ತ ಹೋಗಿ ಇಲ್ಲವಾಗುವ ಆ ತುದಿಯಲ್ಲೇ ಅರಿಶಿನ ಬಣ್ಣ ಇರುವುದು.

ಒಂದೇ ವಸ್ತುವನ್ನು ಮೂರು ದೂರದಿಂದ ತೆಗೆಯುವ ರೂಢಿ ಮಾಡಿಕೊಳ್ಳಿ: ಇಡೀ ಬೋಟು, ಒಂದು ಹಲಗೆಯಷ್ಟು ಜಾಗ, ಒಂದು ಬೋಲ್ಟು. ಮೊದಲನೆಯದು ಇಲ್ಲದಿದ್ದರೆ ಮೂರನೆಯದು ಎಲ್ಲಿಯದೆಂದು ಹತ್ತು ವರ್ಷದ ಮೇಲೆ ನಿಮಗೇ ತಿಳಿಯದು. ಧಕ್ಕೆಯಲ್ಲಿ ಕೆಲಸ ಮಾಡುವವರ ಮುಖ ಚೌಕಟ್ಟಿಗೆ ಬರುವುದಿದ್ದರೆ ಮೊದಲು ಮಾತಾಡಿಸಿ. ಕ್ಯಾಮೆರಾ ಎತ್ತುವುದು ಆಮೇಲೆ.

ಹಂತ 8: ಮಣ್ಣು, ಕಲ್ಲು, ಎಲೆಗಳಲ್ಲಿ ಅದೇ ಬಣ್ಣ

ಕರಾವಳಿಯವರಿಗೆ ತುಕ್ಕಿನ ಬಣ್ಣ ಹುಡುಕಿಕೊಂಡು ಹೋಗಬೇಕಿಲ್ಲ, ಅದರ ಮೇಲೆಯೇ ಮನೆ ಕಟ್ಟಿದ್ದೇವೆ. ಮುರಕಲ್ಲು, ಕೆಂಪುಕಲ್ಲು, ಚಿರೆಕಲ್ಲು ಎಂದೆಲ್ಲ ಕರೆಯುವ ಈ ಕಲ್ಲು ಹುಟ್ಟುವುದು ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಬಿಟ್ಟಾಗ. 1800–01ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ, ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಅಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ.

ಹೊಸದಾಗಿ ಕೊಯ್ದ ಕೋರೆಯ ಗೋಡೆಯಲ್ಲಿ ಕೆಂಪು, ಹಳದಿ, ನೇರಳೆ ಮಚ್ಚೆಗಳು ಹೆಣೆದುಕೊಂಡಿರುತ್ತವೆ, ಯಂತ್ರದ ಗರಗಸದ ಗೆರೆಗಳು ಸಾಲಾಗಿರುತ್ತವೆ. ಕೆಳಗೆ ಹೋದಂತೆ ಶೇಡಿ ಮಣ್ಣಿನ ಬಿಳಿ ಬರುತ್ತದೆ. ಸಂಜೆಯ ಅಡ್ಡ ಬೆಳಕಿನಲ್ಲಿ ಗೆರೆಗಳು ಏಳುತ್ತವೆ. ಎಕ್ಸ್‌ಪೋಶರನ್ನು ಶೇಡಿಯ ಬಿಳಿಗೆ ಹೊಂದಿಸಿ; ಬಿಳಿ ಒಡೆಯದಿದ್ದರೆ ಕೆಂಪೂ ಸಾಮಾನ್ಯವಾಗಿ ಉಳಿಯುತ್ತದೆ. ಕೆಲಸ ನಿಂತ ಕೋರೆಗಳಲ್ಲಿ ಮಳೆನೀರು ಆಳವಾಗಿ ನಿಂತಿರುತ್ತದೆ. ಅಂಚಿಗೆ ಹೋಗಬೇಡಿ, ಒಬ್ಬರೇ ಹೋಗಬೇಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ಗದ್ದೆ ಬದಿಯ ತೋಡಿನಲ್ಲಿ, ಒರತೆಯ ಬಾಯಲ್ಲಿ ಹತ್ತಿಯ ಹಾಗೆ ಕಿತ್ತಳೆ ಕೆಸರು ಕಂಡಿರುತ್ತೀರಿ. ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಪೊರೆ. ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ ಇದು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಡೀಸೆಲ್ ಪೊರೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಇದು ಒಡೆದ ಗಾಜಿನಂತೆ ಚೂರುಚೂರಾಗಿ ತೇಲುತ್ತದೆ. ನನಗೆ ಇಡೀ ವರ್ಷದಲ್ಲಿ ಅತ್ಯಂತ ಇಷ್ಟವಾದ ವಿಷಯ ಇದು. ತೆಗೆಯುವ ಕ್ರಮ ತುಸು ಬೇರೆ: ಪೊರೆಯ ಬಣ್ಣ ಹುಟ್ಟುವುದೇ ಪ್ರತಿಫಲನದಿಂದ, ಹಾಗಾಗಿ ಪೋಲರೈಸರ್ ತಿರುಗಿಸಿ ಹೊಳಪು ಕೊಂದರೆ ಬಣ್ಣವೂ ಸಾಯುತ್ತದೆ. ಫಿಲ್ಟರ್ ತೆಗೆದಿಡಿ. ಮೊಣಕಾಲೂರಿ ತಗ್ಗಿ, ಬಿಳಿ ಆಕಾಶ ನೀರಿನಲ್ಲಿ ಕಾಣುವ ಕೋನಕ್ಕೆ ಬನ್ನಿ. ಅಡಿಯ ಕಿತ್ತಳೆ ಕೆಸರು ಬೇಕಿದ್ದರೆ ಮಾತ್ರ ಫಿಲ್ಟರ್ ಹಾಕಿ ಮೇಲಿನಿಂದ ತೆಗೆಯಿರಿ. ಎರಡು ಫೋಟೋ, ಒಂದೇ ಜಾಗ, ನಂಬಲಾಗದಷ್ಟು ವ್ಯತ್ಯಾಸ.

ತೆಂಗಿನ ಕಾಂಡದ ಮೇಲೆ, ಹಳೇ ಗೋಡೆಗಳ ಮೇಲೆ ವೆಲ್ವೆಟ್ಟಿನಂತೆ ಹರಡುವ ಕಿತ್ತಳೆಯನ್ನು ಹಲವರು ತುಕ್ಕೆಂದೇ ತಿಳಿಯುತ್ತಾರೆ. ಅದು ಟ್ರೆಂಟಿಪೋಲಿಯಾ ಎಂಬ ಪಾಚಿ. ಕುಲದಿಂದ ಹಸಿರು ಪಾಚಿಯೇ, ಕ್ಯಾರೊಟಿನಾಯ್ಡ್ ತುಂಬಿಕೊಂಡು ಕಿತ್ತಳೆಯಾಗಿದೆ. ಮೋಡದ ಬೆಳಕಿನಲ್ಲಿ ತೆಗೆಯಿರಿ. ಇನ್ನು ಕಾಫಿ ಸೀಮೆಯವರಿಗೆ ತುಕ್ಕು ಎಂದರೆ ಎಲೆತುಕ್ಕು ರೋಗ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಆ ಶಿಲೀಂಧ್ರ 1869ರಲ್ಲಿ ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿ ಬೆಳೆಯನ್ನೇ ಮುಗಿಸಿತು. ಎಲೆಯ ಅಡಿಯಲ್ಲಿ ಕಿತ್ತಳೆ ಹುಡಿಯ ಮಚ್ಚೆಗಳು. ಹುಡಿಯ ಕಣಕಣ ಕಾಣಲು ಮ್ಯಾಕ್ರೊ ಬೇಕು, ಬೆಳಕು ಪಕ್ಕದಿಂದ. ಆ ಹುಡಿ ಬಟ್ಟೆಗೆ, ಕೈಗೆ ಅಂಟಿ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಆ ಗಿಡಗಳೇ ತೋಟದವರ ಬದುಕು. ಒಂದು ಗಿಡ ಮುಟ್ಟಿದ ಮೇಲೆ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ.

ಎಲೆಗಳ ಕಂದುಗೆಂಪಿಗೆ ಕಬ್ಬಿಣದ ಸಂಬಂಧವಿಲ್ಲ, ಆದರೂ ಈ ಸರಣಿಗೆ ಒಪ್ಪುತ್ತವೆ. ಮಾವಿನ ಚಿಗುರು, ಗೇರಿನ ಚಿಗುರು, ನಾಗಸಂಪಿಗೆಯ ಎಳೆಗೆಂಪು, ಉದುರುವ ಮುನ್ನ ಉರಿಯುವ ಕಾಡುಬಾದಾಮಿ. ಇವನ್ನೆಲ್ಲ ಬೆಳಕಿಗೆ ಎದುರಾಗಿ ನಿಂತು, ಎಲೆಯ ಮೂಲಕ ಬೆಳಕು ಹಾಯುವಂತೆ ತೆಗೆಯಬೇಕು. ಧಕ್ಕೆಯ ಮೇಲೆ ಸುತ್ತುವ ಗರುಡನ ಬೆನ್ನೂ ಅದೇ ಬಣ್ಣ, ತಲೆ ಎದೆ ಮಾತ್ರ ಬಿಳಿ. ಬಿಳಿ ಒಡೆಯದಂತೆ ಎಕ್ಸ್‌ಪೋಶರ್ ಇಳಿಸಿ, ಶಟರ್ 1/1600 ಆಸುಪಾಸು ಇರಲಿ.

ಒಳನಾಡಿನವರಿಗೆ ಬಾದಾಮಿ ಇದೆ. ಮರಳುಗಲ್ಲಿನ ಕಣಗಳ ನಡುವಿನ ಕಬ್ಬಿಣದ ಆಕ್ಸೈಡೇ ಅಲ್ಲಿಯ ಕೆಂಪಿಗೆ ಕಾರಣ. ಅಗಸ್ತ್ಯತೀರ್ಥ ಕೆರೆಯ ಪೂರ್ವ ತುದಿಯ ಭೂತನಾಥ ಗುಡಿಯ ಹಿಂದಿನ ಬಂಡೆಗೆ ಸಂಜೆಯ ಬಿಸಿಲು ಬೀಳುತ್ತದೆ. ಸೂರ್ಯ ಕೆಳಗಿಳಿದಂತೆ ಬೆಳಕೇ ಕಿತ್ತಳೆಯಾಗುವುದರಿಂದ ಕೆಂಪು ಚಾನೆಲ್ ಬಹಳ ಬೇಗ ತುಂಬುತ್ತದೆ. ಹಂತ 5 ಅಲ್ಲಿ ಎರಡು ಪಟ್ಟು ಮುಖ್ಯ.

ಹಂತ 9: ಮೊಬೈಲ್ ಇದ್ದವರು

ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಉಪ್ಪುಗಾಳಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಒರೆಸಬೇಕಾಗುತ್ತದೆ. ಹತ್ತಿರ ಹೋಗುವ ಬದಲು ಎರಡು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬಳಸಿ, ವಸ್ತುವಿನ ಆಕಾರ ಸೊಟ್ಟಗಾಗುವುದಿಲ್ಲ. ತೀರ ಹತ್ತಿರ ಹೋದಾಗ ಹಲವು ಫೋನ್‌ಗಳು ತಾವಾಗಿ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿಯುತ್ತವೆ. ಅಂಚುಗಳು ಎಳೆದಂತಾದರೆ ಅದೇ ಕಾರಣ. ಪರದೆಯ ಮೇಲೆ ತುಕ್ಕನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, ಬೆರಳನ್ನು ಕೆಳಗೆ ಎಳೆದು ಬೆಳಕು ಸ್ವಲ್ಪ ಇಳಿಸಿ. ಬಣ್ಣ ಏರಿಸುವ ಎಐ ಆಯ್ಕೆ ಆರಿಸಿ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ ಹಂತ 4ರಂತೆಯೇ. ಫೋನಿನ ಎಚ್‌ಡಿಆರ್ ನೆರಳುಗಳನ್ನೆಲ್ಲ ತೆರೆದು ತುಕ್ಕಿನ ಒರಟನ್ನು ನಯ ಮಾಡಿಬಿಡುತ್ತದೆ. ಅದನ್ನು ನಿಲ್ಲಿಸಲು ಆಯ್ಕೆ ಇಲ್ಲದಿದ್ದರೆ ಮೋಡದ ದಿನ ತೆಗೆಯುವುದೇ ದಾರಿ.

ಹಂತ 10: ತಿದ್ದುವುದು

ಕೆಲವು ವರ್ಷ ಹಿಂದೆ ಲಂಗರಿನ ಒಂದು ಫೋಟೋವನ್ನು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿ ದೊಡ್ಡದಾಗಿ ಮುದ್ರಿಸಿದೆ. ಪರದೆಯ ಮೇಲೆ ಉರಿಯುತ್ತಿದ್ದದ್ದು ಕಾಗದದ ಮೇಲೆ ಒಂದೇ ಕಿತ್ತಳೆ ಮುದ್ದೆ. ಬಹಳ ಬೇಸರವಾಯಿತು, ಏಕೆಂದರೆ ಮೂಲ ಫೈಲಿನಲ್ಲಿ ಎಲ್ಲವೂ ಇತ್ತು, ಕಳೆದವನು ನಾನೇ. ಅಂದಿನಿಂದ ಈ ಕ್ರಮ ಬಿಟ್ಟಿಲ್ಲ.

ಮೊದಲು ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್. ಆಮೇಲೆ ಎಕ್ಸ್‌ಪೋಶರ್, ಹೈಲೈಟ್. ನಂತರ ಕಪ್ಪನ್ನು ಆಳಕ್ಕಿಳಿಸುವುದು. ಮ್ಯಾಗ್ನೆಟೈಟಿನ ಕಪ್ಪು ಕಪ್ಪಾದರೆ ಉಳಿದ ಬಣ್ಣಗಳು ತಾವಾಗಿ ಏಳುತ್ತವೆ, ಬೇರೆ ಬಣ್ಣ ತುಂಬಬೇಕಾಗುವುದೇ ಇಲ್ಲ. ಒರಟು ಎತ್ತಿ ತೋರಿಸುವ ಟೆಕ್ಸ್ಚರ್ ಸ್ವಲ್ಪವೇ. ಮೊಬೈಲಿನ ತಿದ್ದುವ ಆ್ಯಪ್ ಆದ ಸ್ನಾಪ್‌ಸೀಡ್‌ನ ಸ್ಟ್ರಕ್ಚರ್ ಕೈಗೆ ಬಂದರೆ ಹತ್ತರ ಮೇಲೆ ಹೋಗಬೇಡಿ, ಹುಡಿ ಮರಳಾಗಿಬಿಡುತ್ತದೆ.

ಕೊನೆಗೆ ಬಣ್ಣ. ಫೋಟೋ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನ ವೈಬ್ರೆನ್ಸ್ ಚರ್ಮದ ಬಣ್ಣವನ್ನು ಕಾಪಾಡುವಂತೆ ಮಾಡಿದ್ದು, ಚರ್ಮದ ಬಣ್ಣ ಇರುವುದು ಕಿತ್ತಳೆಯ ನೆರೆಯಲ್ಲಿ. ವೈಬ್ರೆನ್ಸ್ ಎಳೆದರೆ ಬೋಟಿನ ನೀಲಿ ಏರುತ್ತದೆ, ತುಕ್ಕು ಹೆಚ್ಚು ಅಲುಗಾಡದು. ಬಣ್ಣ ಬೇರ್ಪಡಿಸಲು ಕೆಂಪು, ಕಿತ್ತಳೆ, ಹಳದಿಯ ಪ್ರತ್ಯೇಕ ಸ್ಲೈಡರುಗಳೇ ಬೇಕು. ಅಲ್ಲಿಯೂ ಸ್ಯಾಚುರೇಶನ್ ಬಿಟ್ಟು ಲೂಮಿನೆನ್ಸ್ ಮುಟ್ಟಿ: ಕೆಂಪನ್ನು ಸ್ವಲ್ಪ ಕತ್ತಲಾಗಿಸಿ, ಹಳದಿಯನ್ನು ಸ್ವಲ್ಪ ಬೆಳಗಿಸಿ. ಕಾವಿಯೂ ಅರಿಶಿನವೂ ದೂರ ಸರಿಯುತ್ತವೆ. ಹಂತ 1ರಲ್ಲಿ ಹೇಳಿಕೊಂಡ ಹೆಸರುಗಳನ್ನು ಈಗ ಮತ್ತೆ ಹೇಳಿ, ಪ್ರತಿಯೊಂದೂ ಕಾಣುತ್ತಿದೆಯೇ ನೋಡಿ. ಕಂಡರೆ ಕೈ ತೆಗೆಯಿರಿ. ಕಪ್ಪುಬಿಳುಪು ಮಾಡುವುದಿದ್ದರೆ ಕಿತ್ತಳೆ ಸ್ಲೈಡರ್ ಏರಿಸಿದಾಗ ತುಕ್ಕು ಬೆಳಗುತ್ತದೆ, ನೀಲಿ ಇಳಿಸಿದಾಗ ಬೋಟು ಕತ್ತಲಾಗುತ್ತದೆ. ಮುದ್ರಣಕ್ಕೆ ಮ್ಯಾಟ್ ಕಾಗದ. ಹೊಳಪಿನ ಕಾಗದದ ಮೇಲೆ ತುಕ್ಕು ವಾರ್ನಿಶ್ ಬಳಿದಂತೆ ಕಾಣುತ್ತದೆ.

ಒಂದು ಅಭ್ಯಾಸ

ಮನೆಯಲ್ಲೇ ಒಂದು ವಸ್ತು ಆರಿಸಿ, ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಜಾಗದಿಂದ, ಅದೇ ವೈಟ್ ಬ್ಯಾಲೆನ್ಸಿನಲ್ಲಿ, ಅದೇ ಹೊತ್ತಿಗೆ ತೆಗೆಯಿರಿ. ನಾನು ಹಿತ್ತಲ ಗೇಟಿನ ಕೆಳಗಿನ ಕೀಲನ್ನು ಆರಿಸಿದ್ದೆ. ಜನವರಿಯಿಂದ ಮೇವರೆಗಿನ ಫೋಟೋಗಳಲ್ಲಿ ಹೆಚ್ಚಿನ ಬದಲಾವಣೆ ಇಲ್ಲ. ಜುಲೈನಲ್ಲಿ ಕೀಲಿನ ಸಂದಿನಿಂದ ಹೊಸ ಕಿತ್ತಳೆ ಹೊರಬಂತು, ಆಗಸ್ಟಿನಲ್ಲಿ ಅದರ ಮೇಲೆ ಪಾಚಿಯ ಹಸಿರು ಗೆರೆ, ಅಕ್ಟೋಬರಿಗೆ ಪಾಚಿ ಒಣಗಿ ಕಿತ್ತಳೆ ಕಂದಾಯಿತು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೊರಟ ಅಮ್ಮ ಗೇಟು ಎಳೆದಾಗ ಕೀಲು ಮುರಿದು ಕೈಗೆ ಬಂತು. ಗೇಟನ್ನು ಈಗ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ದೇವೆ. ಕೀಲು ಅಡುಗೆಮನೆಯ ಕಿಟಕಿಯ ದಂಡೆಯ ಮೇಲಿದೆ. ಮುರಿದ ಬಾಯಿಯ ಒಳಗೆ ಪದರಪದರ ಕಪ್ಪು, ನಟ್ಟ ನಡುವೆ ಸಾಸಿವೆಯಷ್ಟು ಜಾಗದಲ್ಲಿ ಬೆಳ್ಳಗಿನ ಕಬ್ಬಿಣ ಇನ್ನೂ ಉಳಿದಿದೆ. ಮುಂದಿನ ಒಂದನೇ ತಾರೀಕಿಗೆ ಅದನ್ನು ಮ್ಯಾಕ್ರೊದಲ್ಲಿ ತೆಗೆಯಬೇಕು.